ಎರಡನೆಯ ಹಗ್ಗ

ನಮ್ಮೂರಿನಲ್ಲಿ ಬೆಳಗ್ಗೆ ಎದುರಾದವರು ಚಹಾ ಆಯಿತೇ ಎಂದು ಕೇಳುವುದಿಲ್ಲ, ‘ಬಾವಿ ಐತೇನ್ರಿ?’ ಎಂದು ಕೇಳುತ್ತಾರೆ. ಇದ್ದರೆ ಇದೆ ಎನ್ನಬೇಕು, ಹೋಗಿದ್ದರೆ ಹೋಯಿತು ಎನ್ನಬೇಕು. ನಮ್ಮಲ್ಲಿ ಬಾವಿಗಳು ಎದ್ದು ಹೋಗುತ್ತವೆ. ಬೇಸರವಾದರೆ ಯಾವುದೋ ಒಂದು ಮಧ್ಯಾಹ್ನ, ಮನೆಯವರೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ, ಕಟ್ಟೆ ಸಮೇತ ಎದ್ದು ಬೇರೆ ಯಾರದೋ ಹಿತ್ತಿಲಿಗೆ ಹೋಗಿ ಕೂತುಬಿಡುತ್ತವೆ. ರಾಟೆಯ ಕಂಬ, ಹಗ್ಗ ಇದ್ದಲ್ಲೇ ಉಳಿಯುತ್ತವೆ. ಹೋದ ದಾರಿಯುದ್ದಕ್ಕೂ ಒಂದು ಒದ್ದೆ ಪಟ್ಟಿ ಮೂಡಿರುತ್ತದೆ. ಬಿಸಿಲಿಗೆ ಅದು ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತದೆ. ಅದಕ್ಕೇ ನಮ್ಮ ಕಡೆ ಮನೆ ಕಟ್ಟುವವರು ಹಿತ್ತಿಲಿನಲ್ಲಿ ಒಂದು ಬಾವಿ ಕೂರುವಷ್ಟು ಜಾಗವನ್ನು ಖಾಲಿ ಬಿಡುತ್ತಾರೆ. ಯಾವತ್ತು ಯಾರ ಮನೆಗೆ ಬಂದೀತೋ ಹೇಳಲಾಗದು.

ಕೆಂಪು ಬಂಡೆಗಳನ್ನು ನೋಡಲು ನಮ್ಮೂರಿಗೆ ದೂರದೂರದಿಂದ ಜನ ಬರುತ್ತಾರೆ. ಬಂದವರು ಉಳಿಯಲು ಹತ್ತು ಹನ್ನೆರಡು ವಸತಿಗಳಿವೆ. ಪ್ರತಿ ವಸತಿಯ ಬಾಗಿಲಲ್ಲೂ ಒಂದು ಕರಿಹಲಗೆ, ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಒಂದು ಲೆಕ್ಕ: ಈ ಬಾವಿ ಇಲ್ಲಿ ಕೂತು ಎಷ್ಟು ವರ್ಷವಾಯಿತು ಎಂದು. ತಿಳಿದ ಪ್ರವಾಸಿಗಳು ಹಾಸಿಗೆ ಮೆತ್ತಗಿದೆಯೋ, ಕಿಟಕಿಯಿಂದ ಬಂಡೆ ಕಾಣುತ್ತದೆಯೋ ಎಂದು ಕೇಳುವುದಿಲ್ಲ. ಚೀಲ ಹೆಗಲಿಗೇರಿಸಿ ಇಡೀ ಬೀದಿ ಓಡಾಡಿ ಹಲಗೆಗಳನ್ನು ಓದುತ್ತಾರೆ. ಬಾವಿ ಬಹಳ ವರ್ಷ ನಿಂತ ಮನೆಯಲ್ಲಿ ನೀರನ್ನು ಕಂಡಾಪಟ್ಟೆ ಚೆಲ್ಲುವುದಿಲ್ಲ, ಕೊಳೆಯನ್ನು ಕಂಡಕಂಡಲ್ಲಿ ಬಿಡುವುದಿಲ್ಲ, ನೆಲಕ್ಕೆ ನೋವಾಗುವ ಕೆಲಸ ಮಾಡುವುದಿಲ್ಲ ಎಂಬುದು ಅವರಿಗೆ ಗೊತ್ತು. ನನ್ನ ಹಲಗೆಯ ಮೇಲೆ ಇಪ್ಪತ್ಮೂರು ವರ್ಷ ಎಂದಿತ್ತು. ಅಷ್ಟು ದೊಡ್ಡ ಸಂಖ್ಯೆ ಬೇರೆ ಯಾರ ಬಾಗಿಲಲ್ಲೂ ಇರಲಿಲ್ಲ.

ನಾನು ಕಲ್ಲವ್ವ. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತಿದೆ, ಮುಚ್ಚಿಡುವುದೇನು ಬಂತು. ಆ ವಸತಿಯನ್ನು ನಾನೂ ನನ್ನ ತಂಗಿ ನೀಲವ್ವನೂ ಸೇರಿ ನಡೆಸುತ್ತಿದ್ದೆವು. ಆರು ಕೋಣೆ, ಒಂದು ಅಡುಗೆಮನೆ, ಹಿತ್ತಿಲಿನಲ್ಲಿ ಬಾವಿ. ನಾನು ಬಂದವರನ್ನು ಮಾತಾಡಿಸುವವಳು, ನೀಲವ್ವ ಬಾವಿಯನ್ನು ಮಾತಾಡಿಸುವವಳು. ಬೆಳಗ್ಗೆ ಮೊದಲ ಕೊಡ ಸೇದಿದೊಡನೆ ಅದರಲ್ಲಿ ಒಂದು ಬೊಗಸೆಯನ್ನು ಮತ್ತೆ ಬಾವಿಗೇ ಬಿಟ್ಟು, ‘ನಿಂದು ನಿನಗ, ಉಳಿದದ್ದು ನಮಗ’ ಅನ್ನುತ್ತಿದ್ದಳು. ನಾನು ಒಲೆಯ ಮುಂದೆ ಕೂತು ನಗುತ್ತಿದ್ದೆ.

ಆಮೇಲೆ ನನಗೇನು ದಾಡಿ ಬಂತೋ ಗೊತ್ತಿಲ್ಲ. ಬಂದವರೊಬ್ಬರು ಮೇಲಿಂದ ನೀರು ಸುರಿಯುವ ಸ್ನಾನ ಇಲ್ಲವೇ ಎಂದು ಮೂಗು ಮುರಿದರು. ಇನ್ನೊಬ್ಬರು ಹಾಸಿಗೆಯ ಹೊದಿಕೆಯನ್ನು ದಿನಾ ಬದಲಿಸಬಾರದೇ ಎಂದರು. ನನಗೆ ಅವಮಾನವಾಯಿತು. ಬಾವಿಗೆ ಪಂಪು ಕೂರಿಸಿದೆ, ಆರೂ ಕೋಣೆಗೆ ಷವರ್ ಹಾಕಿಸಿದೆ, ಬಿಳಿ ಹೊದಿಕೆಗಳನ್ನು ತರಿಸಿ ದಿನಾ ಒಗೆಸತೊಡಗಿದೆ. ಹಿತ್ತಿಲಿನ ಮೋರಿಯಲ್ಲಿ ಸೋಪಿನ ನೊರೆ ಹಗಲೆಲ್ಲ ಹರಿಯುತ್ತಿತ್ತು. ನೀಲವ್ವ ಮೊದಮೊದಲು ಸುಮ್ಮನಿದ್ದಳು. ಒಂದು ದಿನ ಕೊಡ ನೆಲಕ್ಕಿಟ್ಟು ನಿಂತಳು.

“ಅಕ್ಕಾ, ಬಾವಿ ದಣದೈತಿ. ಹಗ್ಗ ಎರಡು ಮೊಳ ಹೆಚ್ಚಿಗಿ ಬಿಡಬೇಕಾಗೇತಿ. ಬಂದವರು ನಾಕು ದಿನಾ ಇದ್ದು ಹೋಗ್ತಾರ, ಇಲ್ಲೇ ಇರೂದು ನಾವು ಮತ್ತ ಇದು.”

“ದೊಡ್ಡ ಶ್ಯಾಣ್ಯಾಕಿ ಬಂದ್ಲು ನೋಡ! ಮಂದಿ ಬರಲಾರದಂಗ ಆದ್ರ ಬಾವಿ ಮುಂದ ಕುಂತು ಹಾಡ ಹಾಡೋಣೇನು?”

“ಹಾಡಬ್ಯಾಡ. ಅದರ ಮಾತು ಒಂದೀಟು ಕೇಳು ಸಾಕು.”

“ಅಷ್ಟು ಪ್ರೀತಿ ಇದ್ರ ನಿನ್ನ ಬಾವಿ ನೀನ ಹೊತ್ಕೊಂಡು ಹೋಗು!” ಎಂದೆ.

ಬಾಯಿಗೆ ಬಂದದ್ದು ಅಂದುಬಿಟ್ಟೆ. ಸಿಟ್ಟಿನಲ್ಲಿ ಯಾರು ಅನ್ನುವುದಿಲ್ಲ ಹೇಳಿ? ಆದರೆ ನೀಲವ್ವ ನನ್ನ ಮುಖವನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತೇ ಎರಡು ಸೀರೆ, ತನ್ನ ತಾಮ್ರದ ಚರಿಗೆ ಗಂಟು ಕಟ್ಟಿಕೊಂಡು ಹೋದಳು. ಊರ ಕೊನೆಯ ಕುಂಬಾರ ಓಣಿಯಲ್ಲಿ ಮೂರು ಕೋಣೆಯ ಮನೆ ಹಿಡಿದು ಅಲ್ಲೇ ಒಂದು ಸಣ್ಣ ವಸತಿ ಮಾಡಿದಳೆಂದು ಕೇಳಿದೆ. ನಾನು ಆ ಓಣಿಗೆ ಕಾಲಿಡಲಿಲ್ಲ. ಬರುವುದಾದರೆ ಅವಳೇ ಬರಲಿ ಎಂದು ಆರು ತಿಂಗಳು ಬಾಗಿಲು ನೋಡುತ್ತ ಕೂತೆ.

ಅವಳು ಬರಲಿಲ್ಲ. ಒಂದು ಮಧ್ಯಾಹ್ನ ಎದ್ದು ಹಿತ್ತಿಲಿಗೆ ಹೋದರೆ ಬಾವಿ ಇರಲಿಲ್ಲ. ಪಂಪು ಮಗ್ಗುಲಾಗಿ ಬಿದ್ದಿತ್ತು, ರಾಟೆ ಬರಿಯ ನೆಲದ ಮೇಲೆ ತೂಗುತ್ತಿತ್ತು. ಬಾವಿ ಇದ್ದ ಜಾಗ ಯಾರೋ ಸಾರಿಸಿದಂತೆ ಸಪಾಟಾಗಿ ಮುಚ್ಚಿಕೊಂಡಿತ್ತು. ನಾನು ಅಲ್ಲೇ ಕುಸಿದು ಕೂತೆ. ಒದ್ದೆ ಪಟ್ಟಿ ಎತ್ತ ಹೋಗಿದೆ ಎಂದು ನೋಡುವಷ್ಟೂ ತ್ರಾಣ ಇರಲಿಲ್ಲ. ಎದ್ದು ನೋಡುವಷ್ಟರಲ್ಲಿ ಅದು ಆರಿಹೋಗಿತ್ತು.

ಬಾವಿ ಕಳಕೊಂಡವರು ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಅವತ್ತೇ ಒದ್ದೆ ಕೈಯಿಂದ ತಮ್ಮ ಹಲಗೆಯನ್ನು ತಾವೇ ಒರೆಸಬೇಕು. ಖಾಲಿ ಕೊಡ ಹಿಡಿದು ಹಗಲಿನಲ್ಲೇ ಮನೆಮನೆಗೆ ಹೋಗಬೇಕು. ಬಾವಿ ಯಾರ ಮನೆಯಲ್ಲಿ ಕೂತಿದೆಯೋ ಅವರು ಮರುಮಾತಿಲ್ಲದೆ ಒಂದು ಕೊಡ ತುಂಬಿ ಕೊಡಬೇಕು. ಅಲ್ಲಿಗೆ ಮನಸ್ತಾಪ ಮುಗಿಯಿತು. ಹಾಗೆ ಕೊಡ ತುಂಬಿಸಿಕೊಂಡು ಬಂದವರ ಮನೆಗೆ ಎಷ್ಟೋ ಸಲ ಬಾವಿ ಹಿಂದಿರುಗಿದ್ದೂ ಉಂಟು. ಆದರೆ ಕಳಕೊಂಡವರು ತಾವಾಗಿ ಕೊಡ ಹಿಡಿದು ಹೊರಡುವವರೆಗೆ ಊರಿನವರು ಯಾರೂ ಅವರಿಗೆ ಬಾವಿಯ ಸುದ್ದಿ ಹೇಳುವಂತಿಲ್ಲ, ಬಾವಿ ಸಿಕ್ಕವರಂತೂ ತುಟಿ ಬಿಚ್ಚುವಂತಿಲ್ಲ.

ನಾನು, ಈ ಕಲ್ಲವ್ವ, ಖಾಲಿ ಕೊಡ ಹಿಡಿದು ಬೀದಿಯಲ್ಲಿ ಹೋಗುವುದೇ? ಇಪ್ಪತ್ಮೂರು ವರ್ಷದ ಹಲಗೆ ಒರೆಸುವುದೇ? ನನ್ನ ಕೈಯಿಂದ ಆಗಲಿಲ್ಲ. ಮೂರು ದಿನ ಹೊಸಬರಿಗೆ ಕೋಣೆ ಇಲ್ಲವೆಂದು ಹೇಳಿ ಹಿತ್ತಿಲ ಬಾಗಿಲು ಹಾಕಿಕೊಂಡೆ. ಕಲ್ಲು ತಂದು, ಮಣ್ಣು ಕಲೆಸಿ, ಆ ಜಾಗದ ಮೇಲೆ ನಾನೇ ಒಂದು ಕಟ್ಟೆ ಕಟ್ಟಿದೆ. ಒಳಗೆ ಬರೀ ನೆಲ. ಮೇಲೊಂದು ಮರದ ಮುಚ್ಚಳ ಹಾಕಿ, ‘ಒಳಗೆ ಕಸ ಬೀಳದಿರಲಿ ಅಂತ’ ಎಂದು ಕೇಳಿದವರಿಗೆ ಹೇಳತೊಡಗಿದೆ. ನೀರನ್ನು ಊರ ಹೊಂಡದಿಂದ ಹೊತ್ತು ತರುತ್ತಿದ್ದೆ, ಮಧ್ಯಾಹ್ನ, ಊರೆಲ್ಲ ಮಲಗಿದ ಮೇಲೆ. ಎಲ್ಲರ ಕಣ್ಣಿಗೂ ಮಣ್ಣೆರಚಿದೆ ಎಂದುಕೊಂಡಿದ್ದೆ.

ಸೋಮವಾರಕ್ಕೊಮ್ಮೆ ಪಂಚಾಯಿತಿಯ ಬಾವಿ ಗುಮಾಸ್ತ ರಾಚಪ್ಪ ಬರುತ್ತಿದ್ದ. ಕಿವಿಯ ಸಂದಿನಲ್ಲಿ ಸುಣ್ಣದ ಕಡ್ಡಿ, ಹೆಗಲ ಮೇಲೆ ಟವೆಲು. ಮನೆಯವರು ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ಅವನ ಕೆಲಸ, ಹಿತ್ತಿಲಿಗೆ ಹೋಗಿ ಇಣುಕುವಂತಿಲ್ಲ.

“ಬಾವಿ ಐತೇನ್ರಿ ಕಲ್ಲವ್ವಾರ?”

“ಐತಿ. ಎಲ್ಲಿ ಹೊಕ್ಕತಿ?”

“ಮತ್ತೊಮ್ಮೆ ನೋಡಿ ಹೇಳ್ತೀರೇನು?”

“ನಾ ಏನು ಕುರುಡಿ ಅದೀನೇನೋ? ಬರಕೋ ಹೋಗು.”

ಅವನು ಬರೆದುಕೊಂಡು ಹೋಗುತ್ತಿದ್ದ. ಪ್ರತಿ ಸೋಮವಾರವೂ ಅವನು ಆ ಎರಡನೇ ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದ. ನಾನು ಪ್ರತಿ ಸಲವೂ ಹಾಗೇ ಹರಿಹಾಯುತ್ತಿದ್ದೆ.

ಒಂದು ಮಾತು ನಿಜ ಹೇಳಬೇಕು. ನೀರಿನ ಭಾರ ಎಷ್ಟು ಎಂಬುದು ಕೊಡ ತಲೆಯ ಮೇಲೆ ಹೊತ್ತು ಹೊಂಡದ ಮೆಟ್ಟಿಲು ಹತ್ತುವಾಗಲೇ ನನಗೆ ತಿಳಿದದ್ದು. ವಾರದೊಳಗೆ ಷವರ್‌ಗಳನ್ನೆಲ್ಲ ಕಿತ್ತು ಹಾಕಿಸಿದೆ. ಒಬ್ಬರಿಗೆ ದಿನಕ್ಕೆ ಎರಡು ಕೊಡ ಎಂದೆ. ಹೊದಿಕೆ ಹೋಗುವ ದಿನ ಒಗೆದರೆ ಸಾಕು ಎಂದೆ. ಸೋಪು ಬಿಟ್ಟು ಸೀಗೆಪುಡಿ ಇಟ್ಟೆ. ಸ್ನಾನದ ನೀರು ಬಾಳೆಗೆ, ಅಕ್ಕಿ ತೊಳೆದ ನೀರು ಕರಿಬೇವಿಗೆ. ನೀಲವ್ವ ವರ್ಷಗಟ್ಟಲೆ ಮಾಡಿಕೊಂಡು ಬಂದದ್ದನ್ನೆಲ್ಲ ಅವಳಿಲ್ಲದಾಗ, ಬಾವಿಯೂ ಇಲ್ಲದಾಗ ಮಾಡಿದೆ. ಮಾಡುತ್ತ ಮಾಡುತ್ತ ಅವಳ ನೆನಪು ಬರುತ್ತಿತ್ತು. ಬೆಳಗ್ಗೆ ಎಚ್ಚರವಾದ ಕೂಡಲೇ ರಾಟೆಯ ಕಿರುಗುಟ್ಟುವ ಸದ್ದಿಗೆ ಕಿವಿ ಕಾಯುತ್ತಿತ್ತು, ಅದರ ಹಿಂದೆಯೇ ‘ನಿಂದು ನಿನಗ’ ಎಂಬ ಅವಳ ದನಿಗೆ. ಎರಡೂ ಬರುತ್ತಿರಲಿಲ್ಲ. ಎದ್ದು ಹೋಗಿ ಆ ಸುಳ್ಳು ಕಟ್ಟೆಗೆ ಕೈಯೂರಿ ನಿಂತು ಮತ್ತೆ ಒಳಗೆ ಬರುತ್ತಿದ್ದೆ.

ಹೀಗೆ ಒಂಬತ್ತು ತಿಂಗಳು ಕಳೆಯಿತು. ಬರುವವರೇನೂ ಕಡಿಮೆಯಾಗಲಿಲ್ಲ. ಹಲಗೆ ನೋಡಿ ಬರುತ್ತಿದ್ದಾರೆ ಎಂದುಕೊಂಡೆ.

ಆಗ ಬಂದವರು ಅಂಬುಜಮ್ಮ. ದಕ್ಷಿಣದ ಕಡೆಯವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಒಬ್ಬರೇ ಊರೂರು ಸುತ್ತುವ ಹೆಂಗಸು. ಬಟ್ಟೆಯ ಚೀಲದಲ್ಲಿ ತಮ್ಮದೇ ಲೋಟ, ತಮ್ಮದೇ ಹೊದಿಕೆ, ಬೇವಿನ ಕಡ್ಡಿ. ಬಂದವರೇ ಕೋಣೆಗೂ ಮೊದಲು ಬಚ್ಚಲು ನೋಡಿದರು, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿದರು, ಬಾಳೆಯ ಬುಡ ಮುಟ್ಟಿ ನೋಡಿದರು. ನಾನು ಮನಸ್ಸಿನಲ್ಲೇ, ಅಬ್ಬಾ ಇದು ಯಾವ ತಪಾಸಣೆಯ ಹೆಣ್ಣುಮಗಳಪ್ಪಾ ಎಂದುಕೊಂಡೆ.

ಮರುದಿನ ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವರು ಹಿತ್ತಿಲಿಗೆ ಹೋಗುವುದು ಕಂಡಿತು.

“ಯವ್ವಾ, ನೀರು ನಾ ತಂದಿಡ್ತೀನ್ರಿ!” ಎಂದು ಕೂಗಿದೆ.

“ಬೇಡಮ್ಮ, ನನ್ನ ನೀರು ನಾನೇ ಸೇದ್ಕೋತೀನಿ. ನಿಮಗ್ಯಾಕೆ ತೊಂದ್ರೆ?”

ನಾನು ಹಿಟ್ಟಿನ ಕೈಯಲ್ಲೇ ಎದ್ದು ಓಡಿದೆ. ಅಷ್ಟರಲ್ಲಿ ಅವರು ಮುಚ್ಚಳ ಸರಿಸಿ ಹಗ್ಗ ಬಿಟ್ಟಾಗಿತ್ತು. ಬಕೇಟು ಡಬ್ ಎಂದು ನೆಲಕ್ಕೆ ಬಡಿಯಿತು. ಇಬ್ಬರೂ ನಿಂತೆವು. ಅವರು ಹಗ್ಗವನ್ನು ನಿಧಾನವಾಗಿ ಎಳೆದುಕೊಂಡು, ಬಕೇಟನ್ನು ಕಟ್ಟೆಯ ಮೇಲಿಟ್ಟು, ಮುಚ್ಚಳವನ್ನು ಮೊದಲಿನಂತೆಯೇ ಹಾಕಿದರು. ನಂತರ ಬಚ್ಚಲಿನ ಹಂಡೆಯಿಂದ ಎರಡು ಚರಿಗೆ ನೀರು ತೋಡಿಕೊಂಡು ಮುಖ ತೊಳೆದರು. ನಾನು ಮತ್ತೆ ಒಲೆಯ ಮುಂದೆ ಹೋಗಿ ರೊಟ್ಟಿ ಬಡಿದೆ.

ರೊಟ್ಟಿ ತಿಂದು, ಹೊರಡಲು ಚೀಲ ಕಟ್ಟಿಕೊಂಡು, ಪಡಸಾಲೆಯಲ್ಲಿ ಕೂತು ನನ್ನನ್ನು ಕರೆದರು.

“ಕಲ್ಲವ್ವ, ನಾನು ಎಷ್ಟೋ ಊರಲ್ಲಿ ಇಳ್ಕೊಂಡಿದೀನಿ. ನೀರನ್ನ ನಿಮ್ಮಷ್ಟು ಜೋಪಾನ ಮಾಡೋರನ್ನ ನಾನು ನೋಡಿಲ್ಲ, ನಿಜ ಹೇಳ್ತೀನಿ. ಅಂಥೋರಿಗೆ ಆ ಸುಳ್ಳು ಹಲಗೆ ಯಾಕಮ್ಮ ಬೇಕು?”

“ಹಲಗಿ ಇಲ್ಲಂದ್ರ ನೀವು ಬರ್ತಿದ್ರೇನ್ರಿ?” ಎಂದೆ.

“ಹಲಗೆ ನೋಡಿ ಬಂದೆ ಅಂದ್ಕೊಂಡ್ರಾ? ಮೊನ್ನೆ ರಾತ್ರಿ ಕುಂಬಾರ ಓಣೀಲಿ ನೀಲವ್ವ ಅನ್ನೋರ ಮನೇಲಿ ಇದ್ದೆ. ಇನ್ನೂ ಒಂದು ದಿನ ಇರ್ತೀನಿ ಅಂದ್ರೆ ಆಯಮ್ಮ ಕೈ ಮುಗಿದು, ನಮ್ಮಕ್ಕನ ಮನೆಗೆ ಹೋಗಿ, ಅಲ್ಲಿ ನಿಮ್ಮನ್ನ ಚೆನ್ನಾಗಿ ನೋಡ್ಕೋತಾಳೆ ಅಂತ ಕಳ್ಸಿದ್ರು. ಬಂದೋರಿಗೆಲ್ಲ ಹೀಗೇ ಹೇಳ್ತಾರಂತೆ, ಒಂದು ದಿನ ಇಟ್ಕೊಂಡು ಇಲ್ಲಿಗೆ ಕಳಿಸ್ತಾರಂತೆ.”

ಹಿಂದಿನ ತಿಂಗಳು ಬಂದಿದ್ದ ಗಂಡ ಹೆಂಡತಿ, ಅದಕ್ಕೂ ಮುಂಚೆ ಬಂದಿದ್ದ ಮೂವರು, ಎಲ್ಲರೂ ಬಂದದ್ದು ಬಸ್ ನಿಲ್ದಾಣದ ಕಡೆಯಿಂದಲ್ಲ, ಊರೊಳಗಿನಿಂದ. ನನಗೆ ಅದು ಹೊಳೆದೇ ಇರಲಿಲ್ಲ.

“ಇನ್ನೊಂದು,” ಎಂದರು ಅಂಬುಜಮ್ಮ. “ಅವರ ಬಾವಿಗೆ ಎರಡು ರಾಟೆ, ಎರಡು ಹಗ್ಗ. ಒಂದು ಸೇದಿ ಸೇದಿ ಸವೆದಿದೆ, ಇನ್ನೊಂದು ಹೊಸದು, ಯಾರೂ ಮುಟ್ಟಿಲ್ಲ. ಇದ್ಯಾಕೆ ಅಂತ ಕೇಳ್ದೆ. ಇದು ನಮ್ಮಕ್ಕಂದು, ಇವತ್ತಲ್ಲ ನಾಳೆ ಬರ್ತಾಳೆ ಅಂದ್ರು. ಬೇರೇನೂ ಹೇಳ್ಲಿಲ್ಲ. ಅವರ ಹಲಗೆ ಮೇಲೆ ಒಂಬತ್ತು ತಿಂಗಳು ಅಂತಿದೆ ನೋಡಿ.”

ಅವರು ಹೋದ ಮೇಲೆ ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ. ನನ್ನ ಬಾವಿ ನೀಲವ್ವನ ಹಿತ್ತಿಲಿನಲ್ಲಿದೆ. ಊರಿಗೆಲ್ಲ ಗೊತ್ತು, ರಾಚಪ್ಪನಿಗೆ ಗೊತ್ತು. ಎಲ್ಲರಿಗಿಂತ ಮೊದಲು ನೀಲವ್ವನಿಗೆ ಗೊತ್ತು, ನನ್ನ ಬಾಗಿಲಿನ ಇಪ್ಪತ್ಮೂರು ಶುದ್ಧ ಸುಳ್ಳೆಂದು. ಕಟ್ಟಳೆ ಇದ್ದದ್ದರಿಂದ ಬಂದು ಹೇಳುವಂತಿಲ್ಲ. ಅದಕ್ಕೇ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಕಳಿಸುತ್ತ, ಹಗ್ಗ ಹೊಸೆದಿಟ್ಟು ಕಾಯುತ್ತಿದ್ದಾಳೆ. ನನಗೆ ಅಳು ಉಕ್ಕಿ ಬಂತು. ಅತ್ತೆ. ಅತ್ತು ಮುಗಿದ ಮೇಲೆ ಎದ್ದೆ.

ಹಂಡೆಯಲ್ಲಿ ಕೈ ಅದ್ದಿ ಹಲಗೆ ಒರೆಸಿದೆ. ಒಳಗಿನ ತಾಮ್ರದ ಕೊಡ ಬೆಳಗಿ ಸೊಂಟಕ್ಕಿಟ್ಟು ಹೊರಟೆ. ಸೂರ್ಯ ನೆತ್ತಿಗೆ ಬಂದಿದ್ದ. ಕುಂಬಾರ ಓಣಿಗೆ ಹಿತ್ತಿಲ ಸಂದಿಯಿಂದ ಹೋದರೆ ಹತ್ತು ನಿಮಿಷದ ದಾರಿ. ಆದರೆ ನಾನು ಪೇಟೆಯ ಬೀದಿ ಹಿಡಿದೆ. ಕಲ್ಲವ್ವ ಖಾಲಿ ಕೊಡ ಹಿಡಿದು ಹೊರಟಿದ್ದನ್ನು ಊರೇ ನೋಡಲಿ ಎಂದು. ತಗ್ಗುವಾಗಲೂ ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ತಗ್ಗಬೇಕು ನನಗೆ. ಆ ಸ್ವಭಾವ ಸುಡಲಿ!

ಜನ ನೋಡಿದರು. ಹೆಂಗಸರು ಹೊಸ್ತಿಲಲ್ಲಿ ಎದ್ದು ನಿಂತರು. ರಾಚಪ್ಪ ಚಹಾದಂಗಡಿಯ ಮುಂದೆ ಕೂತಿದ್ದವನು ನನ್ನನ್ನು ಕಂಡು ಹೆಗಲ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಬಾವಿ ಐತೇನ್ರಿ ಕಲ್ಲವ್ವಾರ?” ಎಂದು ಮೆಲ್ಲಗೆ ಕೇಳಿದ.

“ಇಲ್ಲೋ ರಾಚಪ್ಪಾ. ಹೋಗಿ ಒಂಬತ್ತು ತಿಂಗಳಾತು,” ಎಂದೆ.

“ಹೋಗಿ ಬರ್ರಿ ಯವ್ವಾ, ಲಗೂನ ಹೋಗ್ರಿ,” ಎಂದ. ಅವನ ಕಣ್ಣು ತುಂಬಿತ್ತು.

ಕುಂಬಾರ ಓಣಿ ಮುಟ್ಟುವಷ್ಟರಲ್ಲಿ ಅರ್ಧ ತಾಸಾಗಿತ್ತು. ನೀಲವ್ವನ ಮನೆಯ ಬಾಗಿಲು ತೆರೆದಿತ್ತು. ಹಿತ್ತಿಲಿಗೆ ಹೋದೆ. ಎರಡು ರಾಟೆ, ಎರಡು ಹಗ್ಗ ತೂಗುತ್ತಿದ್ದವು. ಕೆಳಗೆ ಬರಿಯ ನೆಲ. ನೀಲವ್ವ ಆ ನೆಲದ ಅಂಚಿನಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು. ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ಕೊಡವನ್ನು ನೋಡಿದಳು.

“ಅಕ್ಕಾ, ಬಂದಿ?”

“ಬಂದ್ನಿ ನೀಲಾ.”

“ಈಗಷ್ಟ ಎದ್ದು ಹೋತು. ನಿನ್ನ ಕಡೇನ ಹೋತು, ಹಿತ್ತಲ ಸಂದ್ಯಾಗ. ನಿನಗ ಹಾದ್ಯಾಗ ಸಿಗಲಿಲ್ಲೇನು?”

ಬಾವಿ ನನ್ನ ಮನೆಗೆ ಹೋಗಿದೆ! ಅವಳ ಕೈ ಹಿಡಿದು ಎಬ್ಬಿಸಿದೆ. ಇಬ್ಬರೂ ಮುದುಕಿಯರು ಸಂದಿಯಲ್ಲಿ ಸೀರೆ ಎತ್ತಿಕಟ್ಟಿ ಓಡಿದೆವು. ಒದ್ದೆ ಪಟ್ಟಿ ಇನ್ನೂ ಇತ್ತು, ಅಂಚುಗಳು ಆರುತ್ತಿದ್ದವು. ಬೇಲಿಗಳ ಪಕ್ಕ, ಹುಣಸೆಮರದ ಕೆಳಗೆ, ನನ್ನ ಹಿತ್ತಿಲ ಬಾಗಿಲಿಗೆ ನೇರವಾಗಿ ಹೋಗಿತ್ತು. ನೀಲವ್ವ ನಗುತ್ತಿದ್ದಳು, ಏದುಸಿರು ಬಿಡುತ್ತಿದ್ದಳು. “ನೋಡಕ್ಕಾ, ನಾ ಹೇಳಿದ್ನಿಲ್ಲ!” ಎಂದಳು.

ಹಿತ್ತಿಲಿನಲ್ಲಿ ಬಾವಿ ಇರಲಿಲ್ಲ. ನಾನು ಕಟ್ಟಿದ ಸುಳ್ಳು ಕಟ್ಟೆ ಆ ಜಾಗದಲ್ಲಿ ಕೂತಿತ್ತು. ಒದ್ದೆ ಪಟ್ಟಿ ಅದರ ಸುತ್ತ ಒಂದು ಸುತ್ತು ಹಾಕಿತ್ತು, ಎರಡು ಸುತ್ತು, ಮೂರು ಸುತ್ತು. ಕಟ್ಟೆಯ ಒಂದು ಬದಿಯ ಕಲ್ಲು ಒದ್ದೆಯಾಗಿತ್ತು, ಬಂದ ಬಾವಿ ಅಲ್ಲಿ ಒರಗಿಕೊಂಡು ಸ್ವಲ್ಪ ಹೊತ್ತು ಕಾದಿರಬೇಕು. ಆಮೇಲೆ ಪಟ್ಟಿ ಬಾಳೆಯ ಸಾಲು ದಾಟಿ, ಬೇಲಿಯಾಚೆ, ಕೆಂಪು ಬಂಡೆಗಳ ಕಡೆಗೆ ಹೋಗಿತ್ತು. ನಾವು ಬೇಲಿ ದಾಟಿ ಬಂಡೆಯವರೆಗೂ ಹೋದೆವು. ಕಾದ ಬಂಡೆಯ ಮೇಲೆ ಅದು ಆರಿಹೋಗಿತ್ತು.

ಹಿಂದಿರುಗಿ ಬಂದು ನಾನು ಹಾರೆ ತಂದು ಆ ಕಟ್ಟೆಗೆ ಹಾಕಿದೆ. “ನಾನ ಕಟ್ಟೀನಿ ನೀಲಾ, ನನ್ನ ಕೈಯಾರ ಕಟ್ಟೀನಿ! ಅದಕ ಕೂಡಾಕ ಜಾಗ ಇಲ್ಲದಂಗ ಮಾಡಿದ್ನಿ!” ಎಂದು ಒಂದೊಂದು ಕಲ್ಲಿಗೂ ಅಳುತ್ತ ಕೆಡವಿದೆ. ನೀಲವ್ವ ತಡೆಯಲಿಲ್ಲ. ಕೆಡವಿದ ಕಲ್ಲುಗಳನ್ನು ಒಂದೊಂದಾಗಿ ಬೇಲಿಯ ಬದಿಗೆ ಒಯ್ದಿಟ್ಟಳು. ಸಂಜೆಗೆ ನೆಲ ಗುಡಿಸಿ ಸಾರಿಸಿದೆವು.

ಅವಳು ಮತ್ತೆ ಕುಂಬಾರ ಓಣಿಗೆ ಹೋಗಲಿಲ್ಲ. ಮಾರನೆಯ ದಿನ ಹೋಗಿ ತನ್ನ ಚರಿಗೆ, ಸೀರೆ, ಒಂದು ರಾಟೆ, ಎರಡೂ ಹಗ್ಗ ತಂದಳು. ಹೊಂಡದಿಂದ ಈಗ ಇಬ್ಬರೂ ನೀರು ತರುತ್ತೇವೆ, ಹಾಡಹಗಲೇ. ಹಲಗೆಯ ಮೇಲೆ ಏನು ಬರೆಯಲಿ ಎಂದು ರಾಚಪ್ಪ ಕೇಳಿದಾಗ, ‘ಬಾವಿ ಇಲ್ಲ, ಕಾಯುತ್ತಿದ್ದೇವೆ’ ಎಂದು ಬರೆಸಿದೆ. ಅದನ್ನು ಓದಿ ಕೆಲವರು ಮುಂದೆ ಹೋಗುತ್ತಾರೆ. ಕೆಲವರು ಸ್ವಲ್ಪ ಹೊತ್ತು ನಿಂತು, ಚೀಲ ಇಳಿಸಿ ಒಳಗೆ ಬರುತ್ತಾರೆ. ಅಂಬುಜಮ್ಮನವರ ಕಾಗದ ಬಂದಿತ್ತು, ಬರುವ ವರ್ಷ ಬಂದು ಒಂದು ವಾರ ಇರುತ್ತಾರಂತೆ.

ಹಿತ್ತಿಲಿನಲ್ಲಿ ಎರಡು ರಾಟೆ, ಎರಡು ಹಗ್ಗ ತೂಗುತ್ತವೆ. ಬೆಳಗ್ಗೆ ಎದ್ದ ಕೂಡಲೇ ನೀಲವ್ವ ಎಣ್ಣೆ ಬಿಟ್ಟು ರಾಟೆ ತಿರುಗಿಸುತ್ತಾಳೆ. ನಾನು ಚರಿಗೆಯಿಂದ ಒಂದು ಬೊಗಸೆ ನೀರು ತೆಗೆದು ಆ ನೆಲಕ್ಕೆ ಬಿಡುತ್ತೇನೆ. ‘ನಿಂದು ನಿನಗ’ ಎನ್ನುತ್ತೇನೆ. ಉಳಿದ ಅರ್ಧ ಮಾತು ಅನ್ನುವುದಿಲ್ಲ, ಅದು ಬಂದ ಮೇಲೆ ಅನ್ನೋಣ ಎಂದು ಇಟ್ಟುಕೊಂಡಿದ್ದೇನೆ. ಮಧ್ಯಾಹ್ನ ಊರೆಲ್ಲ ಮಲಗುತ್ತದೆ, ನಾವಿಬ್ಬರು ಮಲಗುವುದಿಲ್ಲ. ಹಿತ್ತಿಲ ಬಾಗಿಲನ್ನು ತೆರೆದಿಟ್ಟು, ಅತ್ತ ನೋಡದೆ, ಗೋಡೆಗೆ ಮುಖ ಮಾಡಿ ಕೂರುತ್ತೇವೆ. ನೋಡುತ್ತಿದ್ದರೆ ಅದಕ್ಕೆ ಬರಲು ನಾಚಿಕೆ.

ನಿನ್ನೆ ಹಾಗೆ ಕೂತಿದ್ದಾಗ ಬೆನ್ನ ಹಿಂದೆ ತಂಪು ಸುಳಿದಂತಾಯಿತು. ನಾನು ನೀಲವ್ವನ ಕೈ ಹಿಡಿದುಕೊಂಡೆ.

“ಗಾಳಿ ಇರಬೇಕು ಅಕ್ಕಾ,” ಎಂದಳು.

“ಇರಲಿ ಬಿಡು,” ಎಂದೆ. ಇಬ್ಬರೂ ತಿರುಗಿ ನೋಡಲಿಲ್ಲ.